ಹಾರಾಟ ಮೊದಲು, ಡ್ಯಾಮೇಜ್ ಆಮೇಲೆ: ಮಲ್ಟಿಪ್ಲೇಯರ್ ಬಾಹ್ಯಾಕಾಶ ಕಾಳಗದ ಆಟವನ್ನು ಬ್ಯಾಲೆನ್ಸ್ ಮಾಡುವ ಸಮಗ್ರ ಮಾರ್ಗದರ್ಶಿ

ಕಳೆದ ಮಳೆಗಾಲದಲ್ಲಿ ಮಡಿಕೇರಿಯ ನಮ್ಮ ಮನೆಯಲ್ಲಿ ಆರು ಜನ ಸೇರಿದ್ದೆವು. ಮೂರು ದಿನದಿಂದ ಕರೆಂಟ್ ಬಂದು ಹೋಗಿ ಮಾಡುತ್ತಿತ್ತು. ಇನ್ವರ್ಟರ್ ಮೇಲೆ ರೂಟರ್ ಒಂದೇ ಓಡುತ್ತಿತ್ತು, ಲ್ಯಾಪ್‌ಟಾಪ್‌ಗಳನ್ನು ಸರದಿಯಲ್ಲಿ ಚಾರ್ಜ್ ಮಾಡಿಕೊಳ್ಳುತ್ತಿದ್ದೆವು. ಇಂಟರ್ನೆಟ್ ಇಲ್ಲದಿದ್ದರೂ ಲ್ಯಾನ್‌ನಲ್ಲಿ, ಅಂದರೆ ಒಂದೇ ರೂಟರಿಗೆ ಸೇರಿದ ಮೆಷಿನ್‌ಗಳ ನಡುವೆ, ಆಡಬಹುದು ಅಲ್ವಾ? ಆಟ ನಾವೇ ಬರೆದದ್ದು. ಅದರಲ್ಲಿ ಮೂರು ಬಗೆಯ ನೌಕೆ. ಚಿಕ್ಕದಾದ, ಚುರುಕಾದ ಕಣಜ. ನಡುವಿನ ಗಾತ್ರದ ಹದ್ದು. ದೊಡ್ಡ ಮೈಯ, ನಿಧಾನದ ಆನೆ.

ಸಮಸ್ಯೆ ಏನೆಂದರೆ, ಕಣಜ ಬಿಟ್ಟು ಬೇರೆ ನೌಕೆಯನ್ನು ಯಾರೂ ಹತ್ತುತ್ತಿರಲಿಲ್ಲ. ಅದರ ಒಂದು ಗುಂಡಿನ ಡ್ಯಾಮೇಜ್, ಅಂದರೆ ತಗಲಿದಾಗ ಆಗುವ ಹಾನಿ, 12 ಇತ್ತು, 10ಕ್ಕೆ ಇಳಿಸಿದೆವು. ಆದರೂ ಅದೇ ಗೆದ್ದಿತು. ಹೆಲ್ತ್, ಅಂದರೆ ಸಾಯುವ ಮೊದಲು ತಡೆದುಕೊಳ್ಳುವ ಹಾನಿ, 120 ಇತ್ತು, 100 ಮಾಡಿದೆವು. ಆಗಲೂ ಅದೇ. ಎಲ್ಲರಿಗಿಂತ ಜಾಸ್ತಿ ಗೆಲ್ಲುತ್ತಿದ್ದದ್ದು ನನ್ನ ತಂಗಿ. ಹೋಗಿ ಅವಳ ಪಕ್ಕ ಕೂತು ಸ್ಕ್ರೀನ್ ಬಿಟ್ಟು ಅವಳ ಎಡಗೈ ನೋಡಿದೆ. ಡಬ್ಲ್ಯೂ, ಡಿ, ಸ್ಪೇಸ್‌ಬಾರ್ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿದಿದ್ದಳು. ಮುಂದಕ್ಕೆ, ಬಲಕ್ಕೆ, ಮೇಲಕ್ಕೆ. "ಅಣ್ಣ, ಹೀಗೆ ಹಿಡಿದ್ರೆ ಜೋರಾಗಿ ಹೋಗುತ್ತೆ. ನಿಂಗೆ ಗೊತ್ತಿರ್ಲಿಲ್ವಾ?" ಅಂದಳು.

ಗೊತ್ತಿರಲಿಲ್ಲ. ಎರಡು ವಾರ ಡ್ಯಾಮೇಜ್ ತಿದ್ದಿದ್ದೆವು, ತಪ್ಪು ಇದ್ದದ್ದು ಹಾರಾಟದಲ್ಲಿ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಅದನ್ನೇ. ಬ್ಯಾಲೆನ್ಸ್, ಅಂದರೆ ನೌಕೆಗಳ ನಡುವಿನ ಸಮತೋಲ, ಕೆಟ್ಟಿದೆ ಎಂದು ಜನ ದೂರಿದಾಗ ಡ್ಯಾಮೇಜ್ ಮುಟ್ಟಬೇಡಿ. ಮೊದಲು ನೌಕೆ ಹೇಗೆ ಹಾರುತ್ತದೆ ನೋಡಿ. ಆಮೇಲೆ ಇಬ್ಬರ ನಡುವಿನ ದೂರ ಯಾರ ಕೈಯಲ್ಲಿದೆ ನೋಡಿ. ಡ್ಯಾಮೇಜ್‌ನ ಸರದಿ ಅದಾದ ಮೇಲೆ. ಆಟ ಬರೆಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಡುವವರಿಗೂ ಉಪಯೋಗಕ್ಕೆ ಬರುತ್ತದೆ.

ಹಂತ 1: ನೌಕೆ ಎಷ್ಟು ಜಾರಬೇಕು?

ಜುಲೈ ತಿಂಗಳಲ್ಲಿ ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ಜೀಪ್ ಓಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸ್ಟೇರಿಂಗ್ ತಿರುಗಿಸುತ್ತೀರಿ. ಮೂತಿ ತಿರುಗುತ್ತದೆ. ಗಾಡಿ ಮಾತ್ರ ಮೊದಲು ಹೋಗುತ್ತಿದ್ದ ಕಡೆಗೇ ಜಾರುತ್ತದೆ. ಟೈರಿಗೆ ಹಿಡಿತ ಸಿಕ್ಕಿದ ಮೇಲೆ ಗಾಡಿ ಮೂತಿಯ ಹಿಂದೆ ಬರುತ್ತದೆ. ಬಾಹ್ಯಾಕಾಶದಲ್ಲಿ ಆ ಹಿಡಿತ ಸಿಗುವುದೇ ಇಲ್ಲ. ನೆಲ ಇಲ್ಲ, ಗಾಳಿ ಇಲ್ಲ. ನ್ಯೂಟನ್ 1687ರಲ್ಲಿ ಹೇಳಿದ ಹಾಗೆ, ಹೊರಗಿನಿಂದ ಬಲ ಬೀಳದಿದ್ದರೆ ಹೋಗುತ್ತಿರುವುದು ಹೋಗುತ್ತಲೇ ಇರುತ್ತದೆ.

ನಿಮಗಿರುವ ದಾರಿ ಮೂರು. ಒಂದು, ಪೂರ್ತಿ ನ್ಯೂಟನ್ ಹಾರಾಟ. 1962ರಲ್ಲಿ ಎಂಐಟಿಯ ಪಿಡಿಪಿ-1 ಕಂಪ್ಯೂಟರ್‌ನಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಮಾಡಿದ 'ಸ್ಪೇಸ್‌ವಾರ್' ಆಟದಲ್ಲೇ ಇದು ಇತ್ತು. ಇಬ್ಬರು ಆಡುವ ಕಾಳಗ. ನಡುವೆ ಒಂದು ನಕ್ಷತ್ರ. ಅದು ಎರಡೂ ನೌಕೆಗಳನ್ನು ಎಳೆಯುತ್ತಿತ್ತು. ಸುಮ್ನೆ ನಿಂತರೆ ನಕ್ಷತ್ರದೊಳಗೆ ಬೀಳುತ್ತೀರಿ, ಹಾಗಾಗಿ ಚಲಿಸಲೇಬೇಕು. ಎರಡನೆಯದು, ವಿಮಾನದ ಹಾಗೆ ಹಾರುವುದು. ಮೂತಿ ಎಲ್ಲಿಗೋ ನೌಕೆ ಅಲ್ಲಿಗೆ. ಕಲಿಯಲು ಸುಲಭ, ಆದರೆ ಹಿಂದಕ್ಕೆ ತಿರುಗಿ ಗುಂಡು ಹೊಡೆಯುತ್ತಾ ಮುಂದಕ್ಕೆ ಜಾರುವ ಸೊಗಸು ಹೋಗುತ್ತದೆ. ಮೂರನೆಯದು, ಅಸಿಸ್ಟ್. ಒಳಗೆ ನ್ಯೂಟನ್ ನಿಯಮವೇ ಇರುತ್ತದೆ, ಮೇಲೆ ನೌಕೆಯ ಕಂಪ್ಯೂಟರ್ ಜಾರಿಕೆಯನ್ನು ತಾನಾಗಿ ಅಳಿಸುತ್ತದೆ. ಒಂದು ಕೀ ಒತ್ತಿದರೆ ಆ ಸಹಾಯ ಆಫ್.

ನನ್ನ ಮಾತು ಕೇಳುವುದಾದರೆ ಮೂರನೆಯದನ್ನೇ ಹಿಡಿಯಿರಿ. ಹೊಸಬರು ಅಸಿಸ್ಟ್ ಆನ್ ಇಟ್ಟುಕೊಂಡು ಮೊದಲ ದಿನವೇ ಆಡಬಹುದು. ಪಳಗಿದವರಿಗೆ ಆಫ್ ಮಾಡಿ ಕಲಿಯಲು ವರ್ಷಗಟ್ಟಲೆ ಸರಕು ಇರುತ್ತದೆ. ಒಂದೇ ಷರತ್ತು. ಅಸಿಸ್ಟ್ ಆಫ್ ಇದ್ದಾಗಲೂ ಗರಿಷ್ಠ ವೇಗಕ್ಕೆ ಮಿತಿ ಇಡಿ. ಇಲ್ಲದಿದ್ದರೆ ಒಬ್ಬ ಹತ್ತು ನಿಮಿಷ ಮುಂದಕ್ಕೆ ಒತ್ತಿ ಹಿಡಿದು ಗುಂಡಿಗಿಂತ ಜೋರಾಗಿ ಓಡುತ್ತಾನೆ. ಅವನನ್ನು ಹಿಡಿಯಲು ಯಾರಿಂದಲೂ ಆಗುವುದಿಲ್ಲ.

ಹಂತ 2: ವೇಗಕ್ಕೆ ಎರಡು ಸಂಖ್ಯೆ

ಬಹಳ ಜನ ಗರಿಷ್ಠ ವೇಗವನ್ನು ಮಾತ್ರ ತೀರ್ಮಾನಿಸಿ ಬಿಡುತ್ತಾರೆ. ಕೈಗೆ ಹೆಚ್ಚು ಗೊತ್ತಾಗುವುದು ಪಿಕಪ್. ಶಾಲೆಯ ಪುಸ್ತಕದಲ್ಲಿ ಇದನ್ನೇ ವೇಗೋತ್ಕರ್ಷ ಎನ್ನುತ್ತಾರೆ. ಹಾಗಾಗಿ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ನೌಕೆ ಎಷ್ಟು ಜೋರಾಗಿ ಹೋಗಬೇಕು? ಆ ವೇಗದ ಸುಮಾರು ಮೂರನೇ ಎರಡು ಭಾಗ ಎಷ್ಟು ಸೆಕೆಂಡಿನಲ್ಲಿ ಬರಬೇಕು?

ಕಣಜಕ್ಕೆ ನಾವು ಸೆಕೆಂಡಿಗೆ 100 ಮೀಟರ್ ಮತ್ತು 2.5 ಸೆಕೆಂಡ್ ಎಂದು ಇಟ್ಟೆವು. ಉಳಿದದ್ದು ಲೆಕ್ಕದಿಂದಲೇ ಬರುತ್ತದೆ. ಅಸಿಸ್ಟ್ ಆನ್ ಇದ್ದಾಗ ವೇಗವನ್ನು ತಗ್ಗಿಸುವ ಎಳೆತಕ್ಕೆ ಡ್ರ್ಯಾಗ್ ಎನ್ನುತ್ತಾರೆ. ಅದು 1ನ್ನು 2.5ರಿಂದ ಭಾಗಿಸಿ, 0.4. ಪಿಕಪ್ ಅಂದರೆ 100 ಗುಣಿಸು 0.4, ಅಂದರೆ 40. ನಿಂತಲ್ಲಿಂದ ಹೊರಟರೆ 2.5 ಸೆಕೆಂಡಿಗೆ ವೇಗ 63, 7.5 ಸೆಕೆಂಡಿಗೆ 95. ಆನೆಗೆ 60 ಮೀಟರ್, 10 ಸೆಕೆಂಡ್. ಅದರ ಡ್ರ್ಯಾಗ್ 0.1, ಪಿಕಪ್ 6. ಸಂಖ್ಯೆಗಳನ್ನು ಕಣ್ಣಂದಾಜಿನಲ್ಲಿ ಎಳೆದಾಡುವುದಕ್ಕಿಂತ ಹೀಗೆ ಮಾಡಿದರೆ ಎರಡು ದಿನದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಇಲ್ಲೇ ಒಂದು ಹಳೆಯ ಗುಂಡಿ ಇದೆ, ನಾವೂ ಬಿದ್ದೆವು. ಡ್ರ್ಯಾಗ್‌ಗಾಗಿ ಪ್ರತಿ ಫ್ರೇಮ್‌ನಲ್ಲಿ, ಅಂದರೆ ಸ್ಕ್ರೀನ್ ಮೇಲೆ ಹೊಸ ಚಿತ್ರ ಬಿಡಿಸಿದಾಗಲೆಲ್ಲ, ವೇಗವನ್ನು 0.98ರಿಂದ ಗುಣಿಸಿದ್ದೆವು. ನೋಡಲು ಸರಿ. ಆದರೆ ಸೆಕೆಂಡಿಗೆ 60 ಫ್ರೇಮ್ ಬರುವ ಲ್ಯಾಪ್‌ಟಾಪ್‌ನಲ್ಲಿ ಒಂದು ಸೆಕೆಂಡ್ ಆದ ಮೇಲೆ ಉಳಿಯುವ ವೇಗ ಶೇ 30. 144 ಫ್ರೇಮ್ ಬರುವ ಗೇಮಿಂಗ್ ಮೆಷಿನ್‌ನಲ್ಲಿ ಶೇ 5. 30 ಫ್ರೇಮ್‌ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಶೇ 55. ಒಂದೇ ನೌಕೆ, ಮೂರು ಜನರ ಕೈಯಲ್ಲಿ ಮೂರು ಥರ. ಸೋಮವಾರಪೇಟೆಯ ಗೆಳೆಯ "ನನ್ನದು ಯಾಕೋ ಜಾಸ್ತಿ ಜಾರುತ್ತೆ" ಎಂದು ಹೇಳುತ್ತಲೇ ಇದ್ದ. ಅವನಿಗೆ ಕೈ ಪಳಗಿಲ್ಲ ಎಂದುಕೊಂಡಿದ್ದೆವು. ಅವನು ಹೇಳಿದ್ದು ನಿಜವಾಗಿತ್ತು.

ಪರಿಹಾರ ಸರಳ. ಹಾರಾಟದ ಲೆಕ್ಕವನ್ನು ಚಿತ್ರ ಬಿಡಿಸುವ ಲೆಕ್ಕದಿಂದ ಬೇರೆ ಮಾಡಿ, ಸೆಕೆಂಡಿಗೆ ಇಷ್ಟೇ ಸಲ ಎಂದು ನಿಗದಿ ಮಾಡಿ. ಆಟ ಬರೆಯಲು ಬಳಸುವ ಗೊಡೊ ಎಂಜಿನ್‌ನಲ್ಲಿ ಭೌತಶಾಸ್ತ್ರದ ಲೆಕ್ಕ ತಾನಾಗಿಯೇ ಸೆಕೆಂಡಿಗೆ 60 ಸಲ ನಡೆಯುತ್ತದೆ, ಯೂನಿಟಿಯಲ್ಲಿ 50 ಸಲ. ನಿಮ್ಮ ಹಾರಾಟದ ಕೋಡ್ ಆ ಜಾಗದಲ್ಲೇ ಇರಲಿ. ಪ್ರತಿ ಸಲವೂ ಮೊದಲು ವೇಗ ತಿದ್ದಿ, ಆಮೇಲೆ ಹೊಸ ವೇಗದಿಂದ ಜಾಗ ತಿದ್ದಿ. ಈ ಕ್ರಮದಲ್ಲಿ ಲೆಕ್ಕದ ತಪ್ಪು ಗುಡ್ಡೆಯಾಗುವುದು ಕಡಿಮೆ.

ಹಂತ 3: ಮೂರು ಕೀ ರೋಗ

ಈಗ ನನ್ನ ತಂಗಿಯ ಬೆರಳಿಗೆ ಬರೋಣ. ನಮ್ಮ ಕೋಡ್‌ನಲ್ಲಿ ಮುಂದೆ, ಪಕ್ಕ, ಮೇಲೆ ಮೂರಕ್ಕೂ ಬೇರೆ ಬೇರೆಯಾಗಿ 100ರ ಮಿತಿ ಇತ್ತು. ಮೂರನ್ನೂ ಒಟ್ಟಿಗೆ ಒತ್ತಿದರೆ ನೌಕೆ ಓರೆಯಾಗಿ ಹೋಗುತ್ತದೆ. ಆ ಓರೆಯ ವೇಗ ಎಷ್ಟು? 100ರ ವರ್ಗವನ್ನು ಮೂರು ಸಲ ಕೂಡಿಸಿ ವರ್ಗಮೂಲ ತೆಗೆಯಿರಿ. 173. ಅಂದರೆ ಮುಕ್ಕಾಲು ಪಾಲು ವೇಗ ಪುಕ್ಕಟೆ. ಆನೆಗೆ ಮುಂದಕ್ಕೆ 60, ಪಕ್ಕಕ್ಕೆ 12, ಮೇಲಕ್ಕೆ 12. ಅದೇ ಲೆಕ್ಕ ಹಾಕಿದರೆ 62. ಕಣಜ ಯಾಕೆ ಗೆಲ್ಲುತ್ತಿತ್ತು ಎಂಬುದು ಆ 173 ಮತ್ತು 62ರ ನಡುವೆ ಇತ್ತು. ಡ್ಯಾಮೇಜ್ ಎಷ್ಟು ಇಳಿಸಿದರೂ ಅದು ಸರಿಹೋಗುವಂಥದ್ದಲ್ಲ.

ಇದು ಹೊಸ ರೋಗ ಅಲ್ಲ. 1995ರ 'ಡಿಸೆಂಟ್' ಆಟದಲ್ಲಿ ಆಟಗಾರರು ಇದನ್ನು ಕಂಡುಹಿಡಿದು ಟ್ರೈಕಾರ್ಡಿಂಗ್ ಎಂದು ಹೆಸರಿಟ್ಟರು. ಅಲ್ಲಿ ಪಳಗಿದವರಿಗೆ ಅದೊಂದು ಕಲೆಯಾಯಿತು. ಒಳಾಂಗಣದ ಸುರಂಗಗಳಲ್ಲಿ, ಎಲ್ಲರಿಗೂ ಒಂದೇ ನೌಕೆ ಇರುವ ಕಡೆ ಅದು ನಡೆಯುತ್ತದೆ. ಬೇರೆ ಬೇರೆ ನೌಕೆ ಇರುವ ಆಟದಲ್ಲಿ ನಡೆಯುವುದಿಲ್ಲ.

ಸರಿಪಡಿಸುವುದು ಹೀಗೆ. ಮೂರು ದಿಕ್ಕಿನ ಇನ್‌ಪುಟ್ ಸೇರಿಸಿ ಒಂದು ವೆಕ್ಟರ್, ಅಂದರೆ ಉದ್ದವೂ ದಿಕ್ಕೂ ಇರುವ ಬಾಣ, ಮಾಡಿ. ಅದರ ಉದ್ದ 1 ದಾಟಿದರೆ ಆ ಉದ್ದದಿಂದಲೇ ಭಾಗಿಸಿ 1ಕ್ಕೆ ತನ್ನಿ. 1ಕ್ಕಿಂತ ಕಡಿಮೆ ಇದ್ದರೆ ಮುಟ್ಟಬೇಡಿ. ಜಾಯ್‌ಸ್ಟಿಕ್ ಅರ್ಧ ಒತ್ತಿದವರಿಗೆ ಅರ್ಧ ಥ್ರಸ್ಟೇ, ಅಂದರೆ ಅರ್ಧ ತಳ್ಳುಬಲವೇ, ಸಿಗಬೇಕು ಅಲ್ವಾ? ಆಮೇಲೆ ಆಯಾ ದಿಕ್ಕಿನ ಥ್ರಸ್ಟ್‌ನಿಂದ ಗುಣಿಸಿ. ಈ ಕೆಲಸ ಎಲ್ಲರ ಆಟವನ್ನೂ ನಡೆಸುವ ಸರ್ವರ್‌ನಲ್ಲಿ ನಡೆಯಬೇಕು. ಆಟಗಾರನ ಮೆಷಿನ್‌ನಲ್ಲಿ ಮಾತ್ರ ಇಟ್ಟರೆ ಯಾರಾದರೂ ತಿದ್ದುತ್ತಾರೆ.

ಹಂತ 4: ತಿರುಗುವುದು

ಮೂತಿ ತಿರುಗುವ ವೇಗಕ್ಕೆ ನೌಕೆಗೊಂದು ಮಿತಿ ಇಡಿ, ಆ ಮಿತಿ ಮೌಸ್‌ಗೂ ಗೇಮ್‌ಪ್ಯಾಡ್‌ಗೂ ಒಂದೇ ಇರಲಿ. ಮೌಸ್ ಎಳೆದಷ್ಟೂ ನೌಕೆ ತಿರುಗಿದರೆ ಗೆಲುವು ಮೌಸ್ ಇದ್ದವರದ್ದಾಗುತ್ತದೆ, ಆನೆ ಕೂಡ ಕಣಜದ ಹಾಗೆ ಗಿರಕಿ ಹೊಡೆಯುತ್ತದೆ.

ಅಸಿಸ್ಟ್‌ನಲ್ಲಿ ನೌಕೆ ಮೂತಿಯ ಹಿಂದೆಯೇ ಬರುತ್ತದೆ ಎಂದುಕೊಂಡರೆ, ತಿರುವಿನ ತ್ರಿಜ್ಯ ಅಂದರೆ ವೇಗವನ್ನು ತಿರುಗುವ ದರದಿಂದ (ರೇಡಿಯನ್‌ನಲ್ಲಿ) ಭಾಗಿಸಿದ್ದು. 100 ಮೀಟರ್ ವೇಗ, ಸೆಕೆಂಡಿಗೆ 60 ಡಿಗ್ರಿ ತಿರುಗುವ ನೌಕೆಗೆ ತಿರುವಿನ ತ್ರಿಜ್ಯ ಸುಮಾರು 95 ಮೀಟರ್. ವೇಗ ಅರ್ಧ ಮಾಡಿದರೆ 48. ಸಂಪಾಜೆ ಘಾಟಿಯ ತಿರುವಿನಲ್ಲಿ ಗೇರ್ ಇಳಿಸುವ ಹಾಗೆಯೇ ಇದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅರ್ಧ ವೇಗದಲ್ಲಿರುವಾಗ ಮೂತಿ ತಿರುಗುವ ದರವನ್ನೂ ಸ್ವಲ್ಪ ಹೆಚ್ಚಿಸಿ. ಆಗ ಥ್ರಾಟಲ್ ಪೂರ್ತಿ ಒತ್ತಿ ಹಿಡಿಯುವುದೇ ಯಾವಾಗಲೂ ಸರಿ ಎಂಬುದು ಹೋಗುತ್ತದೆ.

ಕೋಡ್ ಬರೆಯುವವರಿಗೆ ಒಂದು ಮಾತು. ದಿಕ್ಕನ್ನು ಮೂರು ಕೋನಗಳಾಗಿ ಇಡಬೇಡಿ. ಮೂತಿ ನೆಟ್ಟಗೆ ಮೇಲಕ್ಕೆ ಹೋದಾಗ ಎರಡು ಕೋನ ಒಂದಾಗಿ ಸಿಕ್ಕಿಹಾಕಿಕೊಳ್ಳುತ್ತವೆ. ಕ್ವಾಟರ್ನಿಯನ್ ಬಳಸಿ, ಅಂದರೆ ದಿಕ್ಕನ್ನು ನಾಲ್ಕು ಸಂಖ್ಯೆಗಳಲ್ಲಿ ಹೇಳುವ ಗಣಿತ. 1843ರಲ್ಲಿ ಗಣಿತಜ್ಞ ಹ್ಯಾಮಿಲ್ಟನ್ ಕಂಡುಹಿಡಿದದ್ದು, ಇವತ್ತು ಎಲ್ಲ ಎಂಜಿನ್‌ನಲ್ಲೂ ತಯಾರಾಗಿ ಸಿಗುತ್ತದೆ.

ಹಂತ 5: ಗುಂಡು ತಲುಪುವ ಹೊತ್ತಿಗೆ ನೌಕೆ ಎಲ್ಲಿ?

ಕೊಡಗಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಕೈಲ್ ಮುಹೂರ್ತ. ಆಯುಧ ಪೂಜೆ, ಕಡಂಬಟ್ಟು, ಪಂದಿ ಕರಿ, ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಲ್ಲಿ ಕಾಯಿ ಅಲ್ಲೇ ಇರುತ್ತದೆ. ಗುಂಡು ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆ. ಕೈ ನಡುಗದಿದ್ದರೆ ಸಾಕು. ಬಾಹ್ಯಾಕಾಶದ ಆಟದಲ್ಲಿ ಆ ತೆಂಗಿನಕಾಯಿಗೆ ಥ್ರಸ್ಟರ್ ಇದೆ ಎಂದುಕೊಳ್ಳಿ.

ನಮ್ಮ ಆಟದ ಗುಂಡು ಸೆಕೆಂಡಿಗೆ 400 ಮೀಟರ್ ಹೋಗುತ್ತದೆ. 600 ಮೀಟರ್ ದೂರದ ಕಣಜವನ್ನು ತಲುಪಲು 1.5 ಸೆಕೆಂಡ್. ಅಷ್ಟರಲ್ಲಿ ಕಣಜ ಪಕ್ಕಕ್ಕೆ ಎಷ್ಟು ಸರಿಯಬಹುದು? ಪಿಕಪ್‌ನ ಅರ್ಧ ಗುಣಿಸು ಸಮಯದ ವರ್ಗ. 20 ಗುಣಿಸು 2.25, ಅಂದರೆ 45 ಮೀಟರ್. ಕಣಜದ ಅಗಲವೇ 10 ಮೀಟರ್. ನೀವು ಎಷ್ಟೇ ಜಾಣರಾಗಿ ಗುರಿ ಇಟ್ಟರೂ ಅದು ಅದೃಷ್ಟದ ಮಾತು.

ಇದನ್ನೇ ತಿರುಗಿಸಿ ಕೇಳಿದರೆ ಬಹಳ ಉಪಯೋಗದ ಒಂದು ಸಂಖ್ಯೆ ಸಿಗುತ್ತದೆ. ಎಷ್ಟು ದೂರದೊಳಗೆ ಇದ್ದರೆ ಕಣಜಕ್ಕೆ ತಪ್ಪಿಸಿಕೊಳ್ಳಲು ಆಗುವುದಿಲ್ಲ? ಅದು ತನ್ನ ಅರ್ಧ ಅಗಲ, ಅಂದರೆ 5 ಮೀಟರ್, ಸರಿಯಲು 0.5 ಸೆಕೆಂಡ್ ಬೇಕು. ಅಷ್ಟರಲ್ಲಿ ಗುಂಡು 200 ಮೀಟರ್ ಹೋಗುತ್ತದೆ. ಹಾಗಾಗಿ ಕಣಜದ ಮೇಲೆ ಈ ಬಂದೂಕಿನ ನಿಜವಾದ ರೇಂಜ್ 200 ಮೀಟರ್. ಆನೆಯ ಅರ್ಧ ಅಗಲ 30 ಮೀಟರ್, ಪಿಕಪ್ 6. ಅದಕ್ಕೆ 3.16 ಸೆಕೆಂಡ್ ಬೇಕು. ಆನೆಯ ಮೇಲೆ ಅದೇ ಬಂದೂಕಿನ ರೇಂಜ್ ಸುಮಾರು 1,260 ಮೀಟರ್. ಬಂದೂಕು ಒಂದೇ. ಎದುರಿಗೆ ಯಾರಿದ್ದಾರೆ ಎಂಬುದರ ಮೇಲೆ ರೇಂಜ್ ಆರು ಪಟ್ಟು ಬದಲಾಗುತ್ತದೆ. ಪ್ರತಿ ಬಂದೂಕಿಗೂ ಪ್ರತಿ ನೌಕೆಗೂ ಈ ಲೆಕ್ಕ ಹಾಕಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಅನುಭವದಲ್ಲಿ ಇದಕ್ಕಿಂತ ಬೆಲೆಯುಳ್ಳ ಹಾಳೆ ಇಲ್ಲ. ಕಣಜವನ್ನು ದೂರದಿಂದ ಹೊಡೆಯಲು ಆಗುವುದಿಲ್ಲ ಎಂದು ಯಾರಾದರೂ ದೂರಿದರೆ ಡ್ಯಾಮೇಜ್ ಏರಿಸಬೇಡಿ. ಗುಂಡಿನ ವೇಗ ಏರಿಸಿ, ಇಲ್ಲವೇ ಕಣಜದ ಪಿಕಪ್ ಇಳಿಸಿ.

ಇನ್ನೊಂದು ತೀರ್ಮಾನ. ಹೊಡೆದವನ ನೌಕೆಯ ವೇಗ ಗುಂಡಿಗೆ ಸೇರಬೇಕಾ, ಬೇಡವಾ? ಸೇರದಿದ್ದರೆ ಏನಾಗುತ್ತದೆ ನೋಡಿ. ಇಬ್ಬರೂ 100ರ ವೇಗದಲ್ಲಿದ್ದಾರೆ, ಒಬ್ಬ ಓಡುತ್ತಿದ್ದಾನೆ, ಇನ್ನೊಬ್ಬ ಬೆನ್ನಟ್ಟುತ್ತಿದ್ದಾನೆ. ಬೆನ್ನಟ್ಟುವವನ ಗುಂಡು ಎದುರಾಳಿಯ ಹತ್ತಿರವಾಗುವುದು 300ರ ವೇಗದಲ್ಲಿ. ಓಡುವವನು ಹಿಂದಕ್ಕೆ ತಿರುಗಿ ಹೊಡೆದ ಗುಂಡು ಹತ್ತಿರವಾಗುವುದು 500ರಲ್ಲಿ. ಓಡುವವನಿಗೇ ಲಾಭ. ವೇಗ ಸೇರಿಸಿದರೆ ಇಬ್ಬರಿಗೂ 400. ಸೇರಿಸುವುದೇ ನಿಜಕ್ಕೂ ಹತ್ತಿರ, ನ್ಯಾಯಕ್ಕೂ ಹತ್ತಿರ. ಮುಂದೆ ಎಲ್ಲಿಗೆ ಗುರಿ ಇಡಬೇಕು ಎಂದು ತೋರಿಸುವ ಚುಕ್ಕೆಯನ್ನು ಎಲ್ಲರಿಗೂ ಕೊಡಿ. ಅದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ಎಂದರೆ ಹೊಸಬರು ಎರಡನೇ ದಿನ ಬರುವುದಿಲ್ಲ.

ಹಂತ 6: ದೂರ ಯಾರ ಕೈಯಲ್ಲಿ?

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ. ಇಬ್ಬರ ಕಾಳಗದಲ್ಲಿ ನಡುವಿನ ದೂರ ಎಷ್ಟಿರಬೇಕು ಎಂದು ಆರಿಸುವವನು ಯಾರು? ಜೋರಾಗಿ ಹೋಗುವವನು. ಅವನಿಗೆ ಬೇಕಿದ್ದರೆ ಹತ್ತಿರ, ಬೇಡವಾದರೆ ದೂರ. ಈಗ ಅವನ ಬಂದೂಕಿನ ರೇಂಜ್ ಕೂಡ ಉದ್ದವಾಗಿದ್ದರೆ ಎದುರಿನವನಿಗೆ ಉಳಿಯುವುದೇನು?

ನಮ್ಮ ಹದ್ದಿಗೆ 110ರ ವೇಗ, 600 ಮೀಟರ್ ರೇಂಜ್ ಇತ್ತು. ಆನೆಗೆ 60ರ ವೇಗ, 500 ರೇಂಜ್. ವಿರಾಜಪೇಟೆಯ ಗೆಳೆಯ 550 ಮೀಟರ್ ದೂರದಲ್ಲಿ ಹಿಂದಕ್ಕೆ ಜಾರುತ್ತಾ ಹೊಡೆಯುತ್ತಿದ್ದ. ಆನೆಯಲ್ಲಿ ಕೂತವನು ಮುಂದೆ ಬಂದರೆ ಅವನು ಹಿಂದೆ ಹೋಗುತ್ತಿದ್ದ. ಆನೆಯ ಹೆಲ್ತ್ ದುಪ್ಪಟ್ಟು ಮಾಡಿದೆವು. ಸಾಯಲು ಎರಡರಷ್ಟು ಹೊತ್ತು ಹಿಡಿಯಿತು, ಅಷ್ಟೇ. ಬೇಜಾರೂ ಎರಡರಷ್ಟು.

ಹಾಗಾಗಿ ನಿಯಮ ಇದು. ವೇಗ ಮತ್ತು ರೇಂಜ್ ಎರಡನ್ನೂ ಒಂದೇ ನೌಕೆಗೆ ಕೊಡಬೇಡಿ. ಕೊಡಲೇಬೇಕಾದರೆ ವೇಗವನ್ನು ಬೂಸ್ಟ್ ಮಾಡಿ, ಬೂಸ್ಟ್ ಮತ್ತು ಬಂದೂಕು ಒಂದೇ ಬ್ಯಾಟರಿಯಿಂದ ಕುಡಿಯಲಿ. ಓಡುತ್ತೀಯಾ, ಹೊಡೆಯುತ್ತೀಯಾ? ಒಂದನ್ನು ಆರಿಸಿಕೋ. ನಾವು ಹದ್ದಿನ ರೇಂಜನ್ನು 400ಕ್ಕೆ ಇಳಿಸಿದೆವು. ಆನೆಯ ಹೆಲ್ತನ್ನು ಹಳೆಯ ಸಂಖ್ಯೆಗೇ ತಂದೆವು. ದೂರು ನಿಂತಿತು.

ಇದರ ಜೊತೆಗೆ ಜಾಗವೂ ಮುಖ್ಯ. ಖಾಲಿ ಆಕಾಶದಲ್ಲಿ ಕಾಳಗ ನಿಲ್ಲುವುದಿಲ್ಲ, ಜೋರಾಗಿರುವವನು ಓಡುತ್ತಾನೆ. ನಮ್ಮಲ್ಲಿ ಹಾಕಿ ಗೊತ್ತಿಲ್ಲದವರು ಕಡಿಮೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿ ಬೆಳೆದವರು ನಾವು. ಗೋಲ್‌ಪೋಸ್ಟ್ ತೆಗೆದುಬಿಟ್ಟರೆ ಆ ಮೈದಾನದಲ್ಲಿ ಏನು ನಡೆಯುತ್ತದೆ ಯೋಚಿಸಿ. ಜೋರಾಗಿ ಓಡುವವನ ಹತ್ತಿರವೇ ಚೆಂಡು ಉಳಿಯುತ್ತದೆ. ಹಾಗಾಗಿ ಆಟದ ನಡುವೆ ಹಿಡಿದುಕೊಳ್ಳಬೇಕಾದ ಒಂದು ಜಾಗ ಇಡಿ. ಅದರ ಸುತ್ತ ಅಡಗಿಕೊಳ್ಳಲು ಬಂಡೆಗಳನ್ನು ಇಡಿ. ಆಗ ನಿಧಾನದ ಆನೆಗೂ ಕೆಲಸ ಸಿಗುತ್ತದೆ. ಅದು ಜಾಗ ಹಿಡಿದು ಕೂರುತ್ತದೆ, ಉಳಿದವರು ಅದರ ಹತ್ತಿರಕ್ಕೆ ಬರಲೇಬೇಕಾಗುತ್ತದೆ.

ಹಂತ 7: ಈಗ ಡ್ಯಾಮೇಜ್

ಒಂದು ಆನೆ ಮೂರು ಕಣಜಕ್ಕೆ ಸಮ ಆಗಬೇಕು ಎಂದುಕೊಳ್ಳಿ. ಆನೆಯ ಹೆಲ್ತ್ ಮತ್ತು ಡ್ಯಾಮೇಜ್ ಎರಡನ್ನೂ ಮೂರು ಪಟ್ಟು ಮಾಡಬೇಕು ಅನ್ನಿಸುತ್ತದೆ. ಅದು ಜಾಸ್ತಿಯಾಗುತ್ತದೆ. ಯಾಕೆಂದರೆ ಕಣಜಗಳು ಒಂದೊಂದಾಗಿ ಸಾಯುತ್ತವೆ, ಸತ್ತ ಕಣಜ ಹೊಡೆಯುವುದಿಲ್ಲ.

ಕಣಜದ ಹೆಲ್ತ್ 100, ಸೆಕೆಂಡಿಗೆ ಡ್ಯಾಮೇಜ್ 20. ಆನೆಗೆ ಹೆಲ್ತ್ 400, ಸೆಕೆಂಡಿಗೆ 30 ಕೊಟ್ಟು ನೋಡೋಣ. ಆನೆ ಮೊದಲ ಕಣಜವನ್ನು ಕೊಲ್ಲಲು 3.33 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಮೂರು ಕಣಜ ಸೇರಿ 200 ಹೊಡೆಯುತ್ತವೆ. ಎರಡನೆಯದು ಸಾಯುವಷ್ಟರಲ್ಲಿ ಉಳಿದ ಎರಡು 133. ಕೊನೆಯದು 67. ಒಟ್ಟು 400. ಸರಿಸಮ. ಹೆಲ್ತ್ ಗುಣಿಸು ಡ್ಯಾಮೇಜ್ ಎಂದು ನೋಡಿದರೆ ಕಣಜದ್ದು 2,000, ಆನೆಯದ್ದು 12,000. ಆರು ಪಟ್ಟು. ಆ ಆರು ಬಂದದ್ದು 3 ಕೂಡಿಸು 2 ಕೂಡಿಸು 1ರಿಂದ. ನಾಲ್ಕು ಕಣಜಕ್ಕೆ ಸಮ ಬೇಕಿದ್ದರೆ ಹತ್ತು ಪಟ್ಟು.

ಇದರ ಅಣ್ಣನಂಥ ಲೆಕ್ಕವನ್ನು ಇಂಗ್ಲೆಂಡಿನ ಎಂಜಿನಿಯರ್ ಲ್ಯಾಂಚೆಸ್ಟರ್ 1916ರಲ್ಲಿ ಬರೆದಿದ್ದರು. ಎಲ್ಲರೂ ಎಲ್ಲರಿಗೂ ಹೊಡೆಯಬಹುದಾದ ಕಾಳಗದಲ್ಲಿ ಪಡೆಯ ಬಲ ಸಂಖ್ಯೆಯ ವರ್ಗದಷ್ಟು. ಮೂರಕ್ಕೆ ಎರಡು ಎಂದರೆ 9ಕ್ಕೆ 4. ಹಾಗಾಗಿ ತಂಡದಲ್ಲಿ ಒಬ್ಬ ಬೇಗ ಸತ್ತರೆ ಆಟ ಒಂದೇ ಕಡೆಗೆ ಉರುಳುತ್ತದೆ. ಸತ್ತವನು ಮತ್ತೆ ಬರುವ ಸಮಯವನ್ನು ಕಡಿಮೆ ಇಡುವುದಕ್ಕೆ ಇದೇ ಕಾರಣ.

ಈ ಲೆಕ್ಕದಲ್ಲಿ ಎಲ್ಲ ಗುಂಡೂ ತಗಲುತ್ತದೆ ಎಂದುಕೊಂಡಿದ್ದೇವೆ. ನಿಜದಲ್ಲಿ ಎಷ್ಟು ತಗಲುತ್ತದೋ ಅಷ್ಟರಿಂದ ಡ್ಯಾಮೇಜನ್ನು ಗುಣಿಸಿ. ಶೀಲ್ಡ್, ಅಂದರೆ ತಾನಾಗಿ ಮತ್ತೆ ತುಂಬಿಕೊಳ್ಳುವ ರಕ್ಷಾಕವಚ, ಇದ್ದರೆ ಇನ್ನೂ ಎಚ್ಚರ ಬೇಕು. ಕಣಜದ ಗುಂಡುಗಳಲ್ಲಿ ಶೇ 40 ಮಾತ್ರ ತಗಲಿದರೆ ಸೆಕೆಂಡಿಗೆ 8 ಡ್ಯಾಮೇಜ್. ಆನೆಯ ಶೀಲ್ಡ್ ಸೆಕೆಂಡಿಗೆ 8 ತುಂಬಿಕೊಂಡರೆ ಒಂಟಿ ಕಣಜ ರಾತ್ರಿಯಿಡೀ ಹೊಡೆದರೂ ಆನೆಗೆ ಗೀರು ಬೀಳುವುದಿಲ್ಲ. ಅದೇ ನಿಮಗೆ ಬೇಕಾಗಿದ್ದರೆ ಸರಿ. ಗೊತ್ತಿಲ್ಲದೆ ಹಾಗಾಗಿದ್ದರೆ ಶೀಲ್ಡ್ ಇಳಿಸಿ.

ಹಂತ 8: ಪಿಂಗ್

ಸುದ್ದಿ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್‌ಗಳೇ ಪಿಂಗ್. ಮಡಿಕೇರಿಯಿಂದ ಆಡುವವರಿಗೆ ಇದು ದಿನನಿತ್ಯದ ವಿಷಯ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಬೆಂಗಳೂರಿನ ಸರ್ವರ್ ಆದರೆ ಆ ದೂರಕ್ಕೆ ಎರಡು ಮೂರು ಮಿಲಿಸೆಕೆಂಡ್ ಸಾಕು. ಸಿಂಗಾಪುರದ ಸರ್ವರ್ ಆದರೆ ಹೋಗಿ ಬರಲು 30ಕ್ಕಿಂತ ಜಾಸ್ತಿ. ಉಳಿದದ್ದು ವೈಫೈ, ಮೊಬೈಲ್ ಟವರ್, ಗಾಳಿಗೆ ಕೇಬಲ್ ಮೇಲೆ ಬಿದ್ದ ಮರ. ಸ್ಥಿರವಾದ 120 ಪಿಂಗ್‌ಗೆ ಕೈ ಹೊಂದಿಕೊಳ್ಳುತ್ತದೆ. 40 ಮತ್ತು 200ರ ನಡುವೆ ಕುಣಿಯುವ ಪಿಂಗ್‌ಗೆ ಹೊಂದಿಕೊಳ್ಳುವುದಿಲ್ಲ.

ಹಾರಾಟಕ್ಕೂ ಪಿಂಗ್‌ಗೂ ಇರುವ ಸಂಬಂಧವನ್ನು ಬಹಳ ಜನ ಗಮನಿಸುವುದಿಲ್ಲ. ಎದುರಾಳಿಯ ಸುದ್ದಿ 120 ಮಿಲಿಸೆಕೆಂಡ್ ಹಳೆಯದು ಎಂದುಕೊಳ್ಳಿ. ನಿಮ್ಮ ಮೆಷಿನ್ ಅವನ ಹಳೆಯ ವೇಗ ಮತ್ತು ಥ್ರಸ್ಟ್ ನೋಡಿ, ಈಗ ಎಲ್ಲಿರಬಹುದು ಎಂದು ಅಂದಾಜು ಮಾಡಿ ತೋರಿಸುತ್ತದೆ. ನೌಕೆ ಒಂದೇ ಕ್ಷಣದಲ್ಲಿ ಹಿಂದಕ್ಕೆ ತಿರುಗಿ 100ರ ವೇಗದಲ್ಲಿ ಹೋಗಬಲ್ಲದಾದರೆ ಆ ಅಂದಾಜು 24 ಮೀಟರ್ ತಪ್ಪಬಹುದು. ನೌಕೆ ಚಕ್ ಎಂದು ಜಿಗಿದಂತೆ ಕಾಣುತ್ತದೆ. ಪಿಕಪ್‌ಗೆ 40ರ ಮಿತಿ ಇದ್ದರೆ, ಅವನು ಪೂರ್ತಿ ಮುಂದಕ್ಕೆ ಒತ್ತಿದ್ದವನು ಪೂರ್ತಿ ಹಿಂದಕ್ಕೆ ಒತ್ತಿದರೂ ತಪ್ಪು 58 ಸೆಂಟಿಮೀಟರ್ ಮಾತ್ರ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಪಿಕಪ್‌ಗೆ ಮಿತಿ ಇಟ್ಟ ಹಾರಾಟ ಮಳೆಗಾಲದ ಇಂಟರ್ನೆಟ್ಟನ್ನು ತಡೆದುಕೊಳ್ಳುತ್ತದೆ. ಹಂತ 2ನ್ನು ಅಷ್ಟು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಉಳಿದದ್ದು ಎಲ್ಲ ಆಟಗಳಲ್ಲೂ ಇರುವಂಥದ್ದೇ. ತಗಲಿತೋ ಇಲ್ಲವೋ ಎಂದು ಹೇಳುವುದು ಸರ್ವರ್. ಹೊಡೆದವನು ನೋಡಿದ ಕ್ಷಣಕ್ಕೆ ಅದು ಹಿಂದೆ ಹೋಗಿ ನೋಡಲಿ, ಆದರೆ 200 ಮಿಲಿಸೆಕೆಂಡಿಗಿಂತ ಹಿಂದೆ ಬೇಡ. ಇಲ್ಲದಿದ್ದರೆ ಬಂಡೆಯ ಹಿಂದೆ ಅಡಗಿದ ಮೇಲೂ ಜನ ಸಾಯುತ್ತಾರೆ.

ಹಂತ 9: ಪುಸ್ತಕದಲ್ಲಿ ಬರೆಯಿರಿ

ನಮ್ಮ ತೋಟದ ಮನೆಯಲ್ಲಿ ಅಪ್ಪ ದಿನಾ ಬೆಳಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಇಂಚು, ಸೆಂಟ್ ಲೆಕ್ಕ. "ಈ ಸಲ ಮಳೆ ಕಡಿಮೆ" ಎಂದು ಯಾರಾದರೂ ಹೇಳಿದರೆ ಅವರು ವಾದ ಮಾಡುವುದಿಲ್ಲ, ಪುಸ್ತಕ ತೆಗೆಯುತ್ತಾರೆ. ಬ್ಯಾಲೆನ್ಸ್‌ಗೂ ಅಂಥದ್ದೊಂದು ಪುಸ್ತಕ ಬೇಕು. ಪ್ರತಿ ಸಾವಿಗೂ ಒಂದು ಸಾಲು. ಯಾರು ಯಾವ ನೌಕೆಯಲ್ಲಿದ್ದರು, ಎಷ್ಟು ಹೊತ್ತು ಬದುಕಿದರು, ಕೊನೆಯ ಗುಂಡು ಎಷ್ಟು ದೂರದಿಂದ ಬಂತು.

ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಿ. ಕಡಿಮೆ ಆಟ ನೋಡಿ ತೀರ್ಮಾನ ಮಾಡಬೇಡಿ. ಎರಡೂ ಕಡೆ ಪೂರ್ತಿ ಸಮ ಇದ್ದರೂ ಹತ್ತು ಆಟದಲ್ಲಿ ಒಂದು ಕಡೆಯವರು ಏಳು ಅಥವಾ ಅದಕ್ಕಿಂತ ಜಾಸ್ತಿ ಗೆಲ್ಲುವ ಸಾಧ್ಯತೆ ಶೇ 34. ಅಂದರೆ ಮೂರರಲ್ಲಿ ಒಂದು ಸಲ ಸುಮ್ನೆ ಹಾಗಾಗುತ್ತದೆ. ನೂರರಲ್ಲಿ ಎಪ್ಪತ್ತು ಗೆದ್ದರೆ ಅದು ಬೇರೆ ಮಾತು. ಆಟಗಾರರನ್ನೂ ಅದಲು ಬದಲು ಮಾಡಿ, ಗೆಲ್ಲುತ್ತಿರುವುದು ನೌಕೆಯೋ ನನ್ನ ತಂಗಿಯೋ ಎಂದು ಗೊತ್ತಾಗಬೇಕಲ್ಲ.

ಮೂರು ಕೀ ರೋಗ ಹೋದ ಮೇಲೂ ಆನೆ ಸಾಯುತ್ತಲೇ ಇತ್ತು. ಪುಸ್ತಕ ತೆಗೆದೆವು. ಆನೆ ಸತ್ತ ದೂರಗಳು ಹೀಗಿದ್ದವು: 90, 110, 70, 140, 120. ಎಲ್ಲ 150ರ ಒಳಗೆ. ಕಣಜದವರು ಅಸಿಸ್ಟ್ ಆಫ್ ಮಾಡಿ, ಮೂತಿಯನ್ನು ಆನೆಯ ಕಡೆಗೇ ಇಟ್ಟು, ಆ ಮುಂದಿನ ಥ್ರಸ್ಟ್‌ನಿಂದಲೇ ಅದರ ಸುತ್ತ ಸುತ್ತುತ್ತಿದ್ದರು. ದಾರದ ತುದಿಗೆ ಕಲ್ಲು ಕಟ್ಟಿ ತಿರುಗಿಸಿದ ಹಾಗೆ. ಹಾಗೆ ಸುತ್ತುವವನು ಹತ್ತಿರ ಬಂದಷ್ಟೂ ಆನೆಯ ಟರೆಟ್, ಅಂದರೆ ಅದರ ಮೇಲೆ ತಿರುಗುವ ಬಂದೂಕು, ಬೇಗ ತಿರುಗಬೇಕಾಗುತ್ತದೆ. ಟರೆಟ್ ಸೋಲುವ ದೂರ ಅಂದರೆ ಕಣಜದ ಪಿಕಪ್ಪನ್ನು ಟರೆಟ್ ತಿರುಗುವ ದರದ ವರ್ಗದಿಂದ ಭಾಗಿಸಿದ್ದು. ನಮ್ಮ ಟರೆಟ್ ಸೆಕೆಂಡಿಗೆ 30 ಡಿಗ್ರಿ, ಅಂದರೆ 0.524 ರೇಡಿಯನ್. 40ನ್ನು 0.274ರಿಂದ ಭಾಗಿಸಿದರೆ 146 ಮೀಟರ್. ಪುಸ್ತಕದ ಸಾಲುಗಳಿಗೂ ಲೆಕ್ಕಕ್ಕೂ ತಾಳೆಯಾಯಿತು.

ಹತ್ತಿರ ಬಂದರೆ ಆನೆಗೆ ತೊಂದರೆ ಎಂಬುದು ಇರಲಿ, ಅದು ಕಣಜದ ಹಕ್ಕು. ಆದರೆ ಅಷ್ಟು ಹತ್ತಿರ ಬರಲು ಧೈರ್ಯ ಬೇಕಾಗಬೇಕು. ಟರೆಟ್ ದರವನ್ನು 45 ಡಿಗ್ರಿ ಮಾಡಿದೆವು. ಸೋಲುವ ದೂರ 65 ಮೀಟರ್‌ಗೆ ಇಳಿಯಿತು. ಹೆಲ್ತ್, ಡ್ಯಾಮೇಜ್ ಒಂದನ್ನೂ ಮುಟ್ಟಲಿಲ್ಲ. ಮುಂದಿನ ಶನಿವಾರದ ಪುಟದಲ್ಲಿ ಆನೆ ಸತ್ತ ದೂರಗಳು: 60, 310, 240, 55, 420. ಅವತ್ತು ಮೊದಲ ಸಲ ತಂಗಿ ತಾನಾಗಿ ಆನೆ ಹತ್ತಿದಳು.